ಫೀನಾಲಿನಿಂದ ಟ್ರೈಕ್ಲೊಸಾನಿನವರೆಗೆ: ಕೊಳಚೆ ನೀರಿನ ಶುದ್ಧೀಕರಣದಲ್ಲಿ ಕ್ರಿಮಿನಾಶಕಗಳ ಗತಿ

ಸೂಕ್ಷ್ಮಜೀವಿಗಳನ್ನು ಕೊಲ್ಲುವುದಕ್ಕೆಂದೇ ಬಳಸುವ ದ್ರವ್ಯವನ್ನು ಸೂಕ್ಷ್ಮಜೀವಿಗಳೇ ತಿಂದು ಅರಗಿಸಿಕೊಳ್ಳಬಲ್ಲವೆಂಬ ಮಾತು ಮೊದಲ ಕೇಳಿಕೆಗೆ ವಿರೋಧಾಭಾಸದಂತೆ ತೋರುತ್ತದೆ. ಆದರೆ ಪಟ್ಟಣಗಳ ಕೊಳಚೆ ನೀರನ್ನು ಶುದ್ಧಗೊಳಿಸುವ ವಿಧಾನದ ಚರಿತ್ರೆಯಲ್ಲಿ ಈ ಸಂಗತಿ ಬಹಳ ಹಿಂದೆಯೇ ಸಿದ್ಧಪಟ್ಟಿದೆ. ಅದನ್ನು ತೋರಿಸಿಕೊಟ್ಟವರಲ್ಲಿ ಒಬ್ಬರು ಮುಂದೆ ಬೆಂಗಳೂರಿಗೆ ಬಂದು ಅಧ್ಯಾಪನ ಮಾಡಿದುದರಿಂದ ಈ ಚರಿತ್ರೆ ನಮಗೆ ತೀರ ಹೊರಗಿನದೂ ಅಲ್ಲ.

ಕಲ್ಲಿದ್ದಲಿನ ಡಾಂಬರಿನಿಂದ ಫೀನಾಲನ್ನು 1834ರಲ್ಲಿ ಬೇರ್ಪಡಿಸಿದವನು ಜರ್ಮನಿಯ ರುಂಗೆ. ಕಾರ್ಬಾಲಿಕ್ ಆಮ್ಲವೆಂಬ ಹೆಸರಿನಲ್ಲಿ ಅದು ವೈದ್ಯರ ಕೈಸೇರಿದ ದಾರಿ ವಿಚಿತ್ರವಾದುದು. ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದಲ್ಲಿ ಹುಲ್ಲುಗಾವಲುಗಳಿಗೆ ಹಾಯಿಸುವ ಕೊಳಚೆ ನೀರಿಗೆ ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುತ್ತಿದ್ದರು. ದುರ್ಗಂಧ ಅಡಗುತ್ತಿತ್ತು, ಅಲ್ಲಿ ಮೇಯುವ ದನಗಳನ್ನು ಕಾಡುವ ಹೊಟ್ಟೆಹುಳುಗಳೂ ನಾಶವಾಗುತ್ತವೆಂದು ಹೇಳಿಕೆಯಿತ್ತು. 1864ರಲ್ಲಿ ಈ ವರ್ತಮಾನ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರನ ಗಮನಕ್ಕೆ ಬಂದಿತು. ಮರುವರ್ಷದ ಆಗಸ್ಟ್ 12ರಂದು, ಗಾಡಿಯ ಚಕ್ರ ಹರಿದು ಕಾಲು ಮುರಿದಿದ್ದ ಹನ್ನೊಂದು ವರ್ಷದ ಬಾಲಕನ ಗಾಯಕ್ಕೆ ಅವನು ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಕಟ್ಟಿದನು. ಗಾಯ ಕೊಳೆಯದೆ ಮಾಯಿತು. ನಂಜುನಿವಾರಕ ಶಸ್ತ್ರಚಿಕಿತ್ಸೆಯ ಬೀಜ ಹೀಗೆ ಚರಂಡಿಯಿಂದಲೇ ದೊರೆಯಿತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಮುಂದೆ 1903ರಲ್ಲಿ ರಿಡೀಲ್ ಮತ್ತು ವಾಕರ್ ಎಂಬವರು ಇತರ ಎಲ್ಲ ಕ್ರಿಮಿನಾಶಕಗಳ ಬಲವನ್ನು ಅಳೆಯುವುದಕ್ಕೆ ಫೀನಾಲನ್ನೇ ಮಾನದಂಡವಾಗಿ ಇಟ್ಟರು.

ಅಷ್ಟರಲ್ಲಿ ಕೊಳಚೆಯ ವಿಷಯದಲ್ಲಿ ವಿಚಾರ ತಲೆಕೆಳಗಾಗಿತ್ತು. ಕೊಳೆಯುವುದನ್ನು ತಡೆಯಬೇಕೆಂಬ 1860ರ ದಶಕದ ಅಭಿಪ್ರಾಯ ಹಿಂದೆ ಸರಿದು, ಕೊಳೆಯಿಸುವ ಜೀವಿಗಳಿಂದಲೇ ಕೆಲಸ ಮಾಡಿಸಿಕೊಳ್ಳಬೇಕೆಂಬ ತತ್ತ್ವ ಶತಮಾನದ ಕೊನೆಗೆ ನೆಲೆಗೊಂಡಿತು. ಆದರೆ ಕೈಗಾರಿಕಾ ನಗರಗಳ ಚರಂಡಿಗೆ ಕಲ್ಲಿದ್ದಲ ಅನಿಲದ ಕಾರ್ಖಾನೆಗಳಿಂದ ಫೀನಾಲ್ ಬೆರೆತ ದ್ರವ ಹರಿದು ಬರುತ್ತಿತ್ತು. ದುಡಿಯಬೇಕಾದ ಜೀವಿಗಳನ್ನೇ ಅದು ಕೊಂದರೆ ಗತಿಯೇನು? ಮ್ಯಾಂಚೆಸ್ಟರಿನ ಗಿಲ್ಬರ್ಟ್ ಫೌಲರ್, ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಇದಕ್ಕೆ ಉತ್ತರವಿತ್ತರು. ಫೀನಾಲನ್ನು ಉತ್ಕರ್ಷಿಸಬಲ್ಲ ಬ್ಯಾಕ್ಟೀರಿಯಗಳನ್ನು ಶುದ್ಧ ಕೃಷಿಯಲ್ಲಿ ಬೆಳೆಸಿ, ಆ ಫಲಿತಾಂಶವನ್ನು ರಾಯಲ್ ಸೊಸೈಟಿಯ ನಡವಳಿಗಳಲ್ಲಿ 1911ರಲ್ಲಿ ಪ್ರಕಟಿಸಿದರು. ನೂರಕ್ಕೆ ಐದರಷ್ಟು ಗಾಢತೆಯಲ್ಲಿ ಗಾಯದ ಕ್ರಿಮಿಗಳನ್ನು ಕೊಲ್ಲುವ ದ್ರವ್ಯ, ತೆಳುವಾಗಿದ್ದಾಗ ಕೆಲವು ಜೀವಿಗಳಿಗೆ ಆಹಾರವೇ ಆಗುತ್ತದೆ.

ಮುಂದಿನ ಕಥೆ ಪ್ರಸಿದ್ಧವಾದುದು. 1912ರಲ್ಲಿ ಫೌಲರ್ ಅಮೆರಿಕದ ಲಾರೆನ್ಸ್ ಪ್ರಯೋಗಾಲಯದಲ್ಲಿ ಕೊಳಚೆಗೆ ಗಾಳಿಯೂದುವ ಪ್ರಯೋಗಗಳನ್ನು ಕಂಡು ಬಂದರು. ಅವರ ಸೂಚನೆಯಂತೆ ಆರ್ಡರ್ನ್ ಮತ್ತು ಲಾಕೆಟ್ ಪ್ರಯೋಗ ನಡೆಸಿದಾಗ, ಮೊದಲ ಸಲ ಪೂರ್ಣ ಉತ್ಕರ್ಷಣಕ್ಕೆ ಐದು ವಾರಗಳು ಹಿಡಿದವು. ತಳದಲ್ಲಿ ಉಳಿದ ಗಸಿಯನ್ನು ಚೆಲ್ಲದೆ, ತಿಳಿನೀರನ್ನು ಮಾತ್ರ ಬಸಿದು, ಹೊಸ ಕೊಳಚೆಯನ್ನು ಮತ್ತೆ ಮತ್ತೆ ಸುರಿಯುತ್ತ ಹೋದಂತೆ ಅವಧಿ ಕುಗ್ಗಿ ಇಪ್ಪತ್ತನಾಲ್ಕು ಗಂಟೆಗಳೊಳಗೆ ಬಂದಿತು. 1914ರ ಏಪ್ರಿಲ್ 3ರಂದು ಅವರು ಇದಕ್ಕೆ ಸಕ್ರಿಯ ಗಸಿಯ ವಿಧಾನವೆಂದು ಹೆಸರಿಟ್ಟು ವಿದ್ವಾಂಸರ ಮುಂದಿಟ್ಟರು. ಫೀನಾಲ್ ಜೀರ್ಣವಾಗುವ ಬಗೆ ಮಾತ್ರ ಸ್ಪಷ್ಟವಾದುದು ಇನ್ನೂ ತಡವಾಗಿ. ಅದಕ್ಕೆ ಮೊದಲು ಆಮ್ಲಜನಕ ಸೇರಿ ಕ್ಯಾಟಿಕೋಲ್ ಆಗುತ್ತದೆ. ಬಳಿಕ ಆರು ಇಂಗಾಲದ ಬಳೆ ಒಡೆದು ಮ್ಯೂಕೋನಿಕ್ ಆಮ್ಲವಾಗಿ, ಕೊನೆಗೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಮಾತ್ರ ಉಳಿಯುತ್ತವೆ. ಬಳೆಯನ್ನು ಒಡೆಯುವ ಕಿಣ್ವ ಗಾಳಿಯ ಆಮ್ಲಜನಕವನ್ನೇ ನೇರವಾಗಿ ಜೋಡಿಸುತ್ತದೆಂದು ಜಪಾನಿನ ಹಯೈಶಿ 1955ರಲ್ಲಿ ತೋರಿಸಿದರು. ತೊಟ್ಟಿಗೆ ಗಾಳಿಯೂದುವುದರ ಅರ್ಥ ಇಲ್ಲಿ ಪೂರ್ಣವಾಗಿ ತಿಳಿಯುತ್ತದೆ.

ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಕೊಳಚೆಯಲ್ಲಿರುವ ಸಾರಜನಕ ವ್ಯರ್ಥವಾಗದೆ ಗಸಿಯ ರೂಪದಲ್ಲಿ ಹೊಲಕ್ಕೆ ಹಿಂದಿರುಗಬೇಕೆಂಬುದು ಅವರ ದೃಢಮತ; ಸಾರಜನಕ ಸಂರಕ್ಷಣೆಯನ್ನು ಕುರಿತು 1934ರಲ್ಲಿ ಒಂದು ಗ್ರಂಥವನ್ನೇ ಬರೆದರು. ಅದೇ ಸಂಸ್ಥೆಯಲ್ಲಿ ಪಿಳ್ಳೆ ಮತ್ತು ಸುಬ್ರಹ್ಮಣ್ಯನ್ ಅವರು ಸಕ್ರಿಯ ಗಸಿಯಲ್ಲಿ ಪ್ರೋಟೊಜೋವಗಳ ಪಾತ್ರವನ್ನು 1940ರ ದಶಕದಲ್ಲಿ ಪರಿಶೋಧಿಸಿದರು. ಗಸಿ ಕಸವಲ್ಲ, ಗೊಬ್ಬರ ಎಂಬ ಈ ಮತವನ್ನು ಓದುಗರು ನೆನಪಿನಲ್ಲಿಡಬೇಕು.

ಏಕೆಂದರೆ ಶುದ್ಧೀಕರಣದ ಲೆಕ್ಕಾಚಾರ ಬೇರೆ ಬಗೆಯದಾಗಿತ್ತು. ಇಂಗ್ಲೆಂಡಿನ ರಾಯಲ್ ಕಮಿಷನ್ 1912ರಲ್ಲಿ ವಿಧಿಸಿದ ಮಿತಿ ಹೊರಬಿಡುವ ನೀರಿಗೆ ಮಾತ್ರ ಅನ್ವಯಿಸುತ್ತಿತ್ತು: ಲಕ್ಷ ಭಾಗಕ್ಕೆ 3 ಭಾಗ ತೇಲುವ ಘನವಸ್ತು, ಐದು ದಿನಗಳಲ್ಲಿ ಹೀರುವ ಆಮ್ಲಜನಕ 2 ಭಾಗ. ಫೀನಾಲಿನಂತೆ ಕರಗಿ ಜೀರ್ಣವಾಗುವ ವಸ್ತುವಿಗೆ ಇದು ಸಾಕು. ಟ್ರೈಕ್ಲೊಕಾರ್ಬಾನ್ 1957ರಲ್ಲಿ ಬಳಕೆಗೆ ಬಂದಿತು. 1960ರ ದಶಕದಲ್ಲಿ ಟ್ರೈಕ್ಲೊಸಾನ್ ಸಿದ್ಧವಾಯಿತು. ಎರಡರಲ್ಲಿಯೂ ಎರಡೆರಡು ಬಳೆಗಳು, ಮೂರು ಮೂರು ಕ್ಲೋರಿನ್ ಪರಮಾಣುಗಳು. ಇವು ನೀರನ್ನು ಒಲ್ಲದೆ ಗಸಿಗೆ ಅಂಟಿಕೊಳ್ಳುತ್ತವೆ. ಅಮೆರಿಕದ ಒಂದು ದೊಡ್ಡ ಕೇಂದ್ರವನ್ನು ಕುರಿತು ಹೈಡ್ಲರ್, ಹಾಲ್ಡನ್ ಮೊದಲಾದವರು ಮಾಡಿದ ಲೆಕ್ಕ ಕಣ್ತೆರೆಸುವಂಥದು. 2006ರ ಅವರ ಲೇಖನದಂತೆ, ಒಳಬಂದ ಟ್ರೈಕ್ಲೊಕಾರ್ಬಾನಿನಲ್ಲಿ ಸುಮಾರು ಮುಕ್ಕಾಲು ಪಾಲು ಗಸಿಯಲ್ಲಿ ಹಾಗೆಯೇ ಉಳಿದಿತ್ತು. 2007ರ ಲೇಖನದಂತೆ ಟ್ರೈಕ್ಲೊಸಾನ್ ನೀರಿನಿಂದ ನೂರಕ್ಕೆ 98ರಷ್ಟು ಮರೆಯಾದರೂ ಅರ್ಧದಷ್ಟು ಗಸಿಯಲ್ಲಿತ್ತು. ಸ್ವಿಟ್ಜರ್ಲೆಂಡಿನ ಒಂದು ಕೇಂದ್ರದಲ್ಲಿ 2002ರಲ್ಲಿ ಕಂಡ ಅಂಕಿಗಳು ಇದಕ್ಕಿಂತ ಆಶಾದಾಯಕ: 79 ಭಾಗ ಜೀರ್ಣ, 15 ಗಸಿಯಲ್ಲಿ, 6 ನದಿಗೆ. ಎರಡು ಕಡೆಯೂ ನೀರಿನ ಪರೀಕ್ಷೆ ಹೆಚ್ಚುಕಡಿಮೆ ಒಂದೇ ಮಾತನ್ನು ಹೇಳುತ್ತದೆ. ವ್ಯತ್ಯಾಸ ಕಾಣುವುದು ಗಸಿಯನ್ನು ತೂಗಿದಾಗ ಮಾತ್ರ. ನೀರಿನಿಂದ ತೆಗೆಯುವುದು ಬೇರೆ, ನಾಶಮಾಡುವುದು ಬೇರೆ. ಈ ಎರಡನ್ನೂ ಒಂದೇ ಪದದಿಂದ ಸೂಚಿಸುತ್ತ ಬಂದ ವಾಡಿಕೆಯನ್ನು ಬಿಡಬೇಕೆಂದು ನನ್ನ ಅಭಿಪ್ರಾಯ.

ಆಮ್ಲಜನಕವಿಲ್ಲದ ತೊಟ್ಟಿಗಳಲ್ಲಿ ಗಸಿಯನ್ನು ಹುದುಗಿಸುವಾಗ ಟ್ರೈಕ್ಲೊಸಾನ್ ಬಹುಮಟ್ಟಿಗೆ ಅಳಿಯುವುದಿಲ್ಲ. ಗಾಳಿಯಿರುವಲ್ಲಿಯೂ ಅದರ ಒಂದು ಅಂಶ ಮೀಥೈಲ್ ಟ್ರೈಕ್ಲೊಸಾನ್ ಆಗಿ ಮಾರ್ಪಡುತ್ತದೆ. ಇದು ಸ್ವಿಟ್ಜರ್ಲೆಂಡಿನ ಸರೋವರಗಳಲ್ಲಿ ದೊರೆತಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರ ಸೆಪ್ಟೆಂಬರಿನಲ್ಲಿ ಈ ಎರಡೂ ಸೇರಿ 19 ದ್ರವ್ಯಗಳನ್ನು ಜನಬಳಕೆಯ ಕ್ರಿಮಿನಾಶಕ ಸಾಬೂನುಗಳಿಂದ ತೆಗೆದುಹಾಕಿತು. ಆದರೆ ಅದು ಕೊಟ್ಟ ಕಾರಣ ಗಸಿಯೂ ಅಲ್ಲ, ಹೊಲವೂ ಅಲ್ಲ. ಬರಿಯ ಸಾಬೂನು ಮತ್ತು ನೀರಿಗಿಂತ ಇವು ಹೆಚ್ಚು ಪ್ರಯೋಜನಕರವೆಂದಾಗಲಿ, ದೀರ್ಘಕಾಲದ ಬಳಕೆಗೆ ಸುರಕ್ಷಿತವೆಂದಾಗಲಿ ತಯಾರಕರು ತೋರಿಸಲಿಲ್ಲವೆಂಬುದು.