ಆರು ಸಲ ಬಾಗುವ ಕೊಳವೆ

ಡೊಂಬಿವಲಿಯ ಹಳೆಯ ಸೊಸೈಟಿಯೊಂದರಲ್ಲಿ ಬೆಳಗಿನ ದೋಸೆಗೆ ಕಾವಲಿ ಕಾಯಿಸುವವರಿಗೆ ಸಿಲಿಂಡರು ಯಾವಾಗ ಮುಗಿಯುತ್ತದೋ ಎಂಬ ಚಿಂತೆ ಈಗಿಲ್ಲ. ಗೋಡೆ ಹಿಡಿದು ಮೇಲೆ ಬಂದ ಸಣ್ಣ ಕೊಳವೆಯಲ್ಲಿ ಅನಿಲ ಬರುತ್ತದೆ, ಮೀಟರು ಓಡುತ್ತದೆ, ಬಿಲ್ಲು ಬರುತ್ತದೆ. 1995ರಲ್ಲಿ ಶುರುವಾದ ಮಹಾನಗರ ಗ್ಯಾಸ್ ಕಂಪನಿ ಮುಂಬೈ, ಥಾಣೆ, ಕಲ್ಯಾಣ, ನವಿ ಮುಂಬೈಗಳಿಗೆ ಹಂಚುವ ಅನಿಲದ ಒಂದು ಪಾಲು ಉರಣ್‌ನಿಂದ ಬರುತ್ತದೆ. ಉರಣ್‌ಗೆ ಅದು ಬರುವುದು ಅರಬ್ಬಿ ಸಮುದ್ರದ ತಳದಲ್ಲಿ ಮಲಗಿರುವ ಕೊಳವೆಗಳಲ್ಲಿ. ಆ ಕೊಳವೆಗಳ ಆಚೆ ತುದಿಯಲ್ಲಿ, ಮುಂಬೈ ದಡದಿಂದ ಸುಮಾರು 160 ಕಿಲೋಮೀಟರು ದೂರದಲ್ಲಿ, ಮುಂಬೈ ಹೈ ಇದೆ.

1974ರ ಫೆಬ್ರವರಿಯಲ್ಲಿ ‘ಸಾಗರ್ ಸಮ್ರಾಟ್’ ಎಂಬ ಕೊರೆಯುವ ರಿಗ್ ಅಲ್ಲಿ ಎಣ್ಣೆ ಕಂಡಿತು. 1976ರ ಮೇ 21ರಂದು ಉತ್ಪಾದನೆ ಶುರುವಾಯಿತು. 1980ರ ದಶಕದಲ್ಲಿ ದಿನಕ್ಕೆ ನಾಲ್ಕು ಲಕ್ಷ ಬ್ಯಾರೆಲ್ ದಾಟಿದ್ದ ಎಣ್ಣೆ 2024ರ ಹೊತ್ತಿಗೆ ಸುಮಾರು 1.3 ಲಕ್ಷಕ್ಕೆ ಇಳಿದಿತ್ತು. ಬಾವಿಗಳಿಗೆ ವಯಸ್ಸಾಗಿದೆ. ವಯಸ್ಸಾದ ಬಾವಿಗೆ ಔಷಧೋಪಚಾರ ಬೇಕು. ಆ ಉಪಚಾರ ಮಾಡುವ ಒಂದು ಉಕ್ಕಿನ ಕೊಳವೆ, ಅದನ್ನು ಬಾವಿಯ ಬಾಯಿಗೆ ದಾರಿ ತೋರಿಸಿ ಇಳಿಸುವ ಒಂದು ಕಮಾನು, ಇವೆರಡರ ಕತೆ ಇದು.

ಬಯಲುಸೀಮೆಯ ಕೊಳವೆಬಾವಿ ಕಂಡವರಿಗೆ ವಿಷಯ ಬೇಗ ತಿಳಿಯುತ್ತದೆ. ಮೋಟಾರು ಕೆಟ್ಟರೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಚೈನ್ ಪುಲ್ಲಿ ಹಾಕಿ, ಇಪ್ಪತ್ತು ಅಡಿಗೊಂದು ಜಿಐ ಪೈಪನ್ನು ಮೇಲೆತ್ತಿ, ತಿರುಪು ಬಿಚ್ಚಿ, ಪಕ್ಕಕ್ಕಿಟ್ಟು, ಮುಂದಿನದಕ್ಕೆ ಕೈಹಾಕಬೇಕು. ಅರ್ಧ ದಿನದ ಕೆಲಸ. ಇತ್ತೀಚೆಗೆ ಹಲವು ತೋಟಗಳಲ್ಲಿ ಸುರುಳಿ ಸುತ್ತಿದ ಕಪ್ಪು ಎಚ್‌ಡಿಪಿಇ ಪೈಪು ಬಂದಿದೆ. ಒಂದೇ ಉದ್ದ, ನಡುವೆ ಜೋಡಣೆಯಿಲ್ಲ, ಇಳಿಸುವುದೂ ಎತ್ತುವುದೂ ಸಲೀಸು. ಎಣ್ಣೆಬಾವಿಯಲ್ಲೂ ಇದೇ ಆಸೆ. ಆದರೆ ಅಲ್ಲಿ ಎರಡು ತೊಡಕು. ಪೈಪು ಉಕ್ಕಿನದಾಗಿರಬೇಕು, ಬಾವಿಯೊಳಗಿನ ಒತ್ತಡ ಅದನ್ನು ಹೊರಗೆ ತಳ್ಳುತ್ತಿರುತ್ತದೆ.

ಉಕ್ಕನ್ನು ದಾರದಂತೆ ಉಂಡೆ ಸುತ್ತುವ ಧೈರ್ಯ ಮಾಡಿದ್ದು ಯುದ್ಧ. 1944ರಲ್ಲಿ ಮಿತ್ರಪಡೆಗಳು ಫ್ರಾನ್ಸಿಗೆ ಇಳಿದಾಗ ಅವರ ವಾಹನಗಳಿಗೆ ಪೆಟ್ರೋಲು ಮುಟ್ಟಿಸಲು ಇಂಗ್ಲಿಷ್ ಕಾಲುವೆಯ ತಳದಲ್ಲಿ ಕೊಳವೆ ಹಾಕುವ ‘ಪ್ಲೂಟೊ’ ಯೋಜನೆ ನಡೆಯಿತು. ಅದರ ಒಂದು ಬಗೆಯ ಕೊಳವೆ ಮೂರಿಂಚಿನ ಉಕ್ಕಿನದು. ತುಂಡುಗಳನ್ನು ಬೆಸೆದು 4,000 ಅಡಿ ಮಾಡಿ, ಅವನ್ನೂ ಒಂದಕ್ಕೊಂದು ಸೇರಿಸಿ, ನೀರಿನಲ್ಲಿ ತೇಲುವ ಭಾರೀ ಉರುಳೆಗೆ ಸುತ್ತಿದರು. ಉರುಳೆಯ ಅಡ್ಡಳತೆ ಸುಮಾರು 40 ಅಡಿ. ಹಡಗು ಅದನ್ನು ಎಳೆದುಕೊಂಡು ಹೋದಂತೆ ಕೊಳವೆ ಬಿಚ್ಚಿಕೊಳ್ಳುತ್ತ ತಳ ಸೇರಿತು. ಎರಡು ತುದಿಗೂ ಶಂಕುವಿನ ಆಕಾರವಿದ್ದ ಆ ಉರುಳೆಗೆ ‘ಕೊನಂಡ್ರಮ್’ ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ಆ ಮಾತಿಗೆ ಒಗಟು ಎಂಬ ಅರ್ಥವೂ ಇದೆ. ಒಗಟಿನ ಅರ್ಧ ಭಾಗ ಅಲ್ಲಿ ಬಿಡಿಸಿದಂತಾಯಿತು: ಉಕ್ಕನ್ನು ಸುತ್ತಬಹುದು, ಬಿಚ್ಚಬಹುದು.

ಉಳಿದರ್ಧ ಬಂದದ್ದು ಜಲಾಂತರ್ಗಾಮಿಯಿಂದ. 1960ರ ದಶಕದ ಆರಂಭದಲ್ಲಿ ಅಮೆರಿಕದ ಬೋವನ್ ಟೂಲ್ಸ್ ಕಂಪನಿ, ಮುಳುಗಿದ ಜಲಾಂತರ್ಗಾಮಿಯಿಂದ ಸಮುದ್ರದ ಮೇಲಕ್ಕೆ ರೇಡಿಯೋ ಆಂಟೆನಾ ಚಾಚುವ ಯಂತ್ರ ಮಾಡಿತು. ಆಂಟೆನಾ ಎಂದರೆ ಪ್ಲಾಸ್ಟಿಕ್ ಹೊದಿಕೆಯ ಹಿತ್ತಾಳೆಯ ತೆಳು ಕೊಳವೆ, ರೀಲಿಗೆ ಸುತ್ತಿಟ್ಟದ್ದು. ಎದುರುಬದುರು ನಿಂತ ಎರಡು ಚೈನುಗಳು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತ ಅದನ್ನು ನಡುವೆ ಅವುಚಿ ತಳ್ಳುತ್ತಿದ್ದವು. ಕಬ್ಬಿನ ಗಾಣದ ಉರುಳೆಗಳು ಜಲ್ಲೆಯನ್ನು ಒಳಗೆ ಸೆಳೆಯುವ ಹಾಗೆ, ಜಜ್ಜುವುದಿಲ್ಲ ಅಷ್ಟೇ. ಇದನ್ನೇ ತಲೆಕೆಳಗು ಮಾಡಿದರೆ ಮೇಲಕ್ಕೆ ಚಾಚುವ ಬದಲು ಬಾವಿಗೆ ಇಳಿಸಬಹುದಲ್ಲ? 1962ರಲ್ಲಿ ಕ್ಯಾಲಿಫೋರ್ನಿಯಾ ಆಯಿಲ್ ಕಂಪನಿಯೊಂದಿಗೆ ಸೇರಿ ಬೋವನ್ ಮೊದಲ ಘಟಕವನ್ನು ಹೊರತಂದಿತು. 50 ಅಡಿಯ ತುಂಡುಗಳನ್ನು ಬೆಸೆದು ಮಾಡಿದ 15,000 ಅಡಿ ಕೊಳವೆ, ಹೊರ ಅಡ್ಡಳತೆ ಸುಮಾರು 1.3 ಇಂಚು. ಕೆಲಸ: ಮೆಕ್ಸಿಕೊ ಕೊಲ್ಲಿಯ ದಡದ ಬಾವಿಗಳಲ್ಲಿ ಕಟ್ಟಿಕೊಂಡ ಮರಳನ್ನು ತೊಳೆದು ತೆಗೆಯುವುದು.

ಅದೇ 1962ರ ಆಗಸ್ಟ್ 1ರಂದು ಮಹಾರಾಷ್ಟ್ರದಲ್ಲಿ ಎಂಐಡಿಸಿ ಹುಟ್ಟಿತು. ಥಾಣೆಯ ವಾಗ್ಳೆ ಎಸ್ಟೇಟ್, ಆಮೇಲೆ ಡೊಂಬಿವಲಿ, ಥಾಣೆ–ಬೇಲಾಪುರ ರಸ್ತೆ ಹೀಗೆ ಲೇತ್‌ಗಳ, ರಾಸಾಯನಿಕಗಳ ಊರುಗಳು ಬೆಳೆದವು. ಊರಿನಿಂದ ಬಂದ ಕನ್ನಡಿಗರು ಕ್ಯಾಂಟೀನಿನಲ್ಲೂ ಯಂತ್ರದ ಮುಂದೆಯೂ ದುಡಿದರು. ಆಗ ಈ ದಡಕ್ಕೂ ಎಣ್ಣೆಗೂ ನಂಟಿರಲಿಲ್ಲ. ಹನ್ನೆರಡು ವರ್ಷಗಳಲ್ಲಿ ನಂಟು ಬಂತು. ಉರಣ್‌ನಲ್ಲಿ ಘಟಕ ಎದ್ದಿತು; ನ್ಹಾವಾ ದಕ್ಕೆಯಿಂದ ಸಾಮಾನಿನ ಹಡಗುಗಳು ಹೊರಟವು; ಪನ್ವೇಲಿನಲ್ಲಿ ಒಎನ್‌ಜಿಸಿ ಎರಡು ಸಂಸ್ಥೆ ತೆರೆಯಿತು, ಒಂದು ಎಣ್ಣೆ ಮತ್ತು ಅನಿಲ ಉತ್ಪಾದನೆಯ ತಂತ್ರಜ್ಞಾನಕ್ಕೆ, ಇನ್ನೊಂದು ಸಾಗರ ಎಂಜಿನಿಯರಿಂಗಿಗೆ.

ಮುಂಬೈ ಹೈಯ ಎಣ್ಣೆ ಮುಖ್ಯವಾಗಿ ಇರುವುದು ಸುಣ್ಣಕಲ್ಲಿನಲ್ಲಿ. ಸುಣ್ಣಕಲ್ಲಿನ ರಂಧ್ರ ಕಟ್ಟಿಕೊಂಡರೆ ಆಮ್ಲ ಬಿಟ್ಟು ಕರಗಿಸಬಹುದು. ಆದರೆ ಮೇಲಿನಿಂದ ಸುರಿದರೆ ಆಮ್ಲ ತನಗೆ ಸಲೀಸಾದ ಕಡೆಗೆ ಹರಿಯುತ್ತದೆ. ಬೇಕಾದ ಆಳಕ್ಕೇ ಮುಟ್ಟಿಸಲು ಸಣ್ಣ ಕೊಳವೆ ಬೇಕು. ನೀರು ತುಂಬಿ ಮಲಗಿದ ಬಾವಿಗೆ ಅದೇ ಕೊಳವೆಯಲ್ಲಿ ಸಾರಜನಕ ಊದಿ ಎಬ್ಬಿಸಬಹುದು. ಕೊಳವೆ ಇಲ್ಲದಿದ್ದರೆ ದೊಡ್ಡ ರಿಗ್ ತರಬೇಕು, ಭಾರದ ದ್ರವ ತುಂಬಿ ಬಾವಿಯ ಉಸಿರು ನಿಲ್ಲಿಸಬೇಕು, ಆಮೇಲೆ ಒಳಗಿನ ಪೈಪುಗಳನ್ನು ಒಂದೊಂದಾಗಿ ಬಿಚ್ಚಬೇಕು. ಹಾಗೆ ನಿಲ್ಲಿಸಿದ ಹಳೆಯ ಬಾವಿ ಮತ್ತೆ ಮೊದಲಿನಂತೆ ಹರಿಯುತ್ತದೆಂಬ ಖಾತರಿ ಇರುವುದಿಲ್ಲ.

ಸುರುಳಿ ಕೊಳವೆ ಬಾವಿಯನ್ನು ಜೀವಂತ ಇಟ್ಟುಕೊಂಡೇ ಕೆಲಸ ಮಾಡುತ್ತದೆ. ಕಷ್ಟವೆಲ್ಲ ಇಳಿಸುವುದರಲ್ಲಿ. ಬಾವಿಯ ಬಾಯಲ್ಲಿ 200 ಬಾರ್ ಒತ್ತಡವಿದ್ದರೆ ಒಂದೂವರೆ ಇಂಚಿನ ಕೊಳವೆಯನ್ನು ಅದು ಎರಡು ಟನ್ನಿಗೂ ಮಿಕ್ಕಿದ ಬಲದಲ್ಲಿ ಹೊರಗೆ ನೂಕುತ್ತದೆ. ಆದ್ದರಿಂದ ಮೊದಲು ಚೈನುಗಳು ಒತ್ತಿ ಒತ್ತಿ ಇಳಿಸಬೇಕು. ಎರಡು ಕಿಲೋಮೀಟರು ಇಳಿದ ಮೇಲೆ ಕೊಳವೆಯದೇ ತೂಕ ಐದು ಟನ್ ದಾಟುತ್ತದೆ. ಆಗ ಅದೇ ಚೈನುಗಳು ಹಿಡಿದು ತಡೆಯಬೇಕು. ಚೈನು ಬಿಟ್ಟ ಜಾಗಕ್ಕೂ ಕೆಳಗಿನ ರಬ್ಬರು ಸೀಲಿಗೂ ನಡುವೆ ಒಂದು ಗೇಣು ಆಸರೆಯಿಲ್ಲದಿದ್ದರೂ ಒತ್ತುವ ಬಲಕ್ಕೆ ಕೊಳವೆ ಅಲ್ಲೇ ಬಳುಕಿ ಮಡಿಸಿಕೊಳ್ಳಬಹುದು. ಅದಕ್ಕೆ ಅಲ್ಲೊಂದು ಬಿಗಿಯಾದ ಉಕ್ಕಿನ ತೋಳು ಹಾಕಿ ಕಾಯುತ್ತಾರೆ.

ಇನ್ನು ಮೇಲಿನ ಕಮಾನು. ರೀಲು ಪಕ್ಕದಲ್ಲಿ ಡೆಕ್ಕಿನ ಮೇಲೆ ಮಲಗಿರುತ್ತದೆ. ಬಾವಿ ನೆಟ್ಟಗೆ ಕೆಳಗಿದೆ. ಕೊಳವೆ ರೀಲಿನಿಂದ ಓರೆಯಾಗಿ ಮೇಲೇರಿ, ತಿರುಗಿ, ನೆಟ್ಟಗೆ ಚೈನುಗಳ ನಡುವೆ ಇಳಿಯಬೇಕು. ಆ ತಿರುವಿನಲ್ಲಿ ಸಾಲು ಉರುಳೆಗಳಿರುವ ಬಾಗಿದ ಉಕ್ಕಿನ ಚೌಕಟ್ಟಿದೆ. ಕೆಲಸಗಾರರ ಬಾಯಲ್ಲಿ ಅದು ಗೂಸ್‌ನೆಕ್, ಹೆಬ್ಬಾತಿನ ಕತ್ತು. ನೋಡಲು ಇಡೀ ಯಂತ್ರದಲ್ಲಿ ಅತ್ಯಂತ ಸರಳವಾದ ಭಾಗ. ಮೋಟಾರಿಲ್ಲ, ಒತ್ತಡವಿಲ್ಲ, ದಾರಿ ತೋರಿಸುವುದಷ್ಟೇ. ಆದರೆ ಕೊಳವೆಯ ಆಯುಸ್ಸು ಹೆಚ್ಚಾಗಿ ಖರ್ಚಾಗುವುದು ಈ ಕತ್ತಿನ ಮೇಲೆ ಮತ್ತು ರೀಲಿನ ಮೇಲೆ.

ಕೈಯಲ್ಲಿ ಇಕ್ಕಳ ಇಲ್ಲದ ಎಲೆಕ್ಟ್ರಿಷಿಯನ್ ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಮುರಿಯುತ್ತಾನೆ. ಸ್ವಲ್ಪವೇ ಬಾಗಿಸಿ ಬಿಟ್ಟರೆ ತಂತಿ ನೆಟ್ಟಗಾಗುತ್ತದೆ. ಮಿತಿ ಮೀರಿದರೆ ಬಾಗಿಯೇ ಉಳಿಯುತ್ತದೆ, ಹತ್ತಾರು ಸಲ ಮೀರಿದರೆ ತುಂಡಾಗುತ್ತದೆ. ಒಂದೂವರೆ ಇಂಚಿನ ಸಾಮಾನ್ಯ ಸುರುಳಿ ಕೊಳವೆಗೆ ಆ ಮಿತಿ ಸುಮಾರು ಎಂಟು ಮೀಟರು ತ್ರಿಜ್ಯದ ಬಾಗು. ಅಷ್ಟು ಅಗಲದ ಕಮಾನು ಸಮುದ್ರದ ನಡುವಿನ ಸಣ್ಣ ಪ್ಲಾಟ್‌ಫಾರಂ ಮೇಲೆ ಹಿಡಿಸುವುದಿಲ್ಲ, ಅಲ್ಲಿನ ಕ್ರೇನು ಎತ್ತುವುದೂ ಇಲ್ಲ. ಬಳಕೆಯಲ್ಲಿರುವ ಕಮಾನುಗಳಲ್ಲಿ ಒಂದು ಸಾಮಾನ್ಯ ಅಳತೆ 72 ಇಂಚು, ಎರಡು ಮೀಟರಿಗೂ ಕಡಿಮೆ. ಅಂದರೆ ಉಕ್ಕು ಪ್ರತಿ ಸಲವೂ ತನ್ನ ಮಿತಿಯ ನಾಲ್ಕು ಪಟ್ಟಿಗೂ ಹೆಚ್ಚು ಮಣಿಯುತ್ತದೆ. ಇದು ಅಪಘಾತವಲ್ಲ, ವಿನ್ಯಾಸವೇ ಹಾಗೆ.

ಎಣಿಸಿ ನೋಡಿದರೆ ಒಂದು ಹೋಗಿಬರುವಿಕೆಗೆ ಆರು ಸಲ. ರೀಲಿನಿಂದ ಬಿಚ್ಚುವಾಗ ನೆಟ್ಟಗಾಗುತ್ತದೆ, ಕತ್ತಿನ ಮೇಲೆ ಬಾಗುತ್ತದೆ, ಚೈನಿನೊಳಗೆ ಮತ್ತೆ ನೆಟ್ಟಗಾಗುತ್ತದೆ. ಮರಳುವಾಗ ಇದೇ ಮೂರು ಹಿಂದುಮುಂದಾಗಿ. ಆ ಹೊತ್ತಿಗೆ ಕೊಳವೆಯೊಳಗೆ ಆಮ್ಲವೋ ಸಾರಜನಕವೋ ಒತ್ತಡದಲ್ಲಿ ತುಂಬಿದ್ದರೆ ಆಯುಸ್ಸು ಇನ್ನೂ ಬೇಗ ಕರಗುತ್ತದೆ. ಕೊಳವೆ ನಿಧಾನಕ್ಕೆ ಊದಿಕೊಂಡು ಗೋಡೆ ತೆಳ್ಳಗಾಗುತ್ತದೆ. ಎಂಜಿನಿಯರುಗಳು ಇದನ್ನು ಲೋಹದ ದಣಿವು ಎನ್ನುತ್ತಾರೆ. ಮನುಷ್ಯನ ದಣಿವು ರಾತ್ರಿ ಮಲಗಿದರೆ ಹೋಗುತ್ತದೆ. ಲೋಹದ್ದು ವರ್ಷಗಟ್ಟಲೆ ಗೋದಾಮಿನಲ್ಲಿ ಮಲಗಿಸಿದರೂ ಹೋಗುವುದಿಲ್ಲ.

ಮೊದಲ ಎರಡು ದಶಕ ಈ ಲೆಕ್ಕ ಯಾರಿಗೂ ಸರಿಯಾಗಿ ಸಿಕ್ಕಿರಲಿಲ್ಲ. ತುಂಡುಗಳ ಬೆಸುಗೆಗಳೇ ಮೊದಲು ಬಿಟ್ಟುಕೊಡುತ್ತಿದ್ದವು. ಬಾವಿಯೊಳಗೆ ಮುರಿದುಬಿದ್ದ ಕೊಳವೆಯನ್ನು ಹಿಡಿದೆತ್ತುವುದೇ ದೊಡ್ಡ ಕೆಲಸವಾಗುತ್ತಿತ್ತು. ಸುರುಳಿ ಕೊಳವೆಗೆ ನಂಬಲಾಗದ್ದು ಎಂಬ ಹೆಸರು ಬಂತು. 1980ರ ದಶಕದಲ್ಲಿ ಜಪಾನಿನಿಂದ ಉದ್ದನೆಯ ಉಕ್ಕಿನ ಪಟ್ಟಿಗಳು ಬಂದವು, ಬೆಸುಗೆಗಳ ಸಂಖ್ಯೆ ಇಳಿಯಿತು. ಆಮೇಲೆ ಪಟ್ಟಿಯ ತುದಿಗಳನ್ನು ಓರೆಯಾಗಿ ಕತ್ತರಿಸಿ ಬೆಸೆದು, ಅನಂತರ ಕೊಳವೆಯಾಗಿ ಮಡಿಸುವ ಉಪಾಯ ಬಂತು. ಬೆಸುಗೆ ಕೊಳವೆಯ ಸುತ್ತ ಹಾವಿನಂತೆ ಹಬ್ಬುವುದರಿಂದ ಬಾಗಿನ ಭಾರ ಒಂದೇ ಗೆರೆಯ ಮೇಲೆ ಬೀಳುವುದು ತಪ್ಪಿತು. ಕೊಳವೆ ದಪ್ಪವಾದಂತೆ ಕಮಾನಿನ ತ್ರಿಜ್ಯವೂ ಬೆಳೆಯಿತು. 1990ರ ದಶಕದಲ್ಲಿ ಅಮೆರಿಕದ ಟಲ್ಸಾ ವಿಶ್ವವಿದ್ಯಾಲಯದಂಥ ಕಡೆ ಕೊಳವೆಗಳನ್ನು ಮುರಿಯುವವರೆಗೆ ಬಾಗಿಸಿ ಬಾಗಿಸಿ ನೋಡಿದರು. ಎಷ್ಟು ತ್ರಿಜ್ಯ, ಎಷ್ಟು ಒತ್ತಡ, ಎಷ್ಟು ಸಲ ಎಂಬ ಲೆಕ್ಕ ಕಂಪ್ಯೂಟರಿಗೆ ಏರಿತು.

ಹಾಗಾಗಿ ಇಂದು ರೀಲಿನ ಜೊತೆ ಒಂದು ದಾಖಲೆಯೂ ಸಾಗುತ್ತದೆ. ಕೊಳವೆಯ ಯಾವ ಭಾಗ ಎಷ್ಟು ಸಲ ಕತ್ತು ದಾಟಿತು, ಒಳಗೆ ಎಷ್ಟು ಒತ್ತಡವಿತ್ತು, ಯಾವ ಆಮ್ಲ ಹರಿಯಿತು, ಎಲ್ಲವೂ ಅದರಲ್ಲಿರುತ್ತದೆ. ಒಂದೇ ಆಳಕ್ಕೆ ಮತ್ತೆ ಮತ್ತೆ ಹೋಗಿದ್ದರೆ ಒಂದೇ ತುಣುಕು ಮತ್ತೆ ಮತ್ತೆ ಬಾಗಿರುತ್ತದೆ. ಆಗ ತುದಿಯಿಂದ ಒಂದಷ್ಟು ಕತ್ತರಿಸಿ ಬಾಗುವ ಜಾಗವನ್ನು ಸರಿಸುತ್ತಾರೆ. ಲೆಕ್ಕ ಮುಗಿದಾಗ ಕೊಳವೆಯನ್ನು ಗುಜರಿಗೆ ಹಾಕಬೇಕು. ಕಷ್ಟ ಇಲ್ಲಿಯೇ. ಆ ದಿನ ಕೊಳವೆ ನೋಡಲು ಚೆನ್ನಾಗಿಯೇ ಇರುತ್ತದೆ. ಬಿರುಕು ಕಣ್ಣಿಗೆ ಬೀಳುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ. ಒಂದು ಬಾವಿ ಮಾತ್ರ ಬಾಕಿಯಿದೆ, ಹಡಗು ದಕ್ಕೆಯಲ್ಲಿ ಕಾಯುತ್ತಿದೆ, ಹೊಸ ಕೊಳವೆಗೆ ದುಡ್ಡು ಬೇಕು. ಇಷ್ಟರ ಎದುರು ಕಾಗದದ ಮೇಲಿನ ಒಂದು ಅಂಕಿಯನ್ನು ನಂಬಿ ‘ಸಾಕು’ ಎನ್ನಬೇಕು. ಹಾಗೆನ್ನದಿದ್ದರೆ ಒತ್ತಡ ತುಂಬಿದ ಕೊಳವೆ ಸೀಳುವುದು ಬಹುಪಾಲು ಬಾವಿಯೊಳಗಲ್ಲ. ಕತ್ತಿನ ಬಳಿ, ರೀಲಿನ ಬಳಿ, ಜನ ನಿಂತ ಕಡೆಯಲ್ಲೇ.

ಅರವತ್ತು ವರ್ಷಗಳಲ್ಲಿ ಚೈನು ಬಲವಾಯಿತು, ಉಕ್ಕು ಗಟ್ಟಿಯಾಯಿತು, ಕತ್ತು ಅಗಲವಾಯಿತು. ಆರರ ಲೆಕ್ಕ ಮಾತ್ರ ಬದಲಾಗಿಲ್ಲ. ಮುಂಬೈ ಹೈಯಂಥ ಹಳೆಯ ಬಾವಿಗಳಿಂದ ಡೊಂಬಿವಲಿಯ ಒಲೆಗೆ ಇನ್ನೊಂದಷ್ಟು ವರ್ಷ ಅನಿಲ ಬರಬೇಕಾದರೆ, ಸಮುದ್ರದ ನಡುವೆ ಯಾರೋ ಒಬ್ಬರು ಆ ಆರನ್ನು ತಪ್ಪದೆ ಎಣಿಸಿ ಬರೆದಿಡುತ್ತಿರಬೇಕು.