ತೇಪೆಯಿಂದ ಹುಟ್ಟಿದ ವ್ಯವಸ್ಥೆ

ಕೆರೆ ಕಟ್ಟಿಸಿದವನ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ವರ್ಷವರ್ಷವೂ ಹೂಳೆತ್ತಿದವರ ಹೆಸರು ಉಳಿಯುವುದು ಅಪರೂಪ. ಗಣಕಯಂತ್ರದ ಚರಿತ್ರೆಯಲ್ಲಿಯೂ ಹೀಗೆಯೇ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ತಂತ್ರಾಂಶ ಕ್ಷೇತ್ರದಲ್ಲಿ ದುಡಿಯುತ್ತಿರುವುದರಿಂದ, ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯ ಕಥೆಯನ್ನು ಇಲ್ಲಿ ಹೇಳಬಯಸುತ್ತೇನೆ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬೆಳೆದ ಯುನಿಕ್ಸ್ ಶಾಖೆಗೆ ಬಿಎಸ್‌ಡಿ ಎಂದು ಹೆಸರು. ಅದನ್ನು ಇಂಟೆಲ್ 386ರ ಸಾಮಾನ್ಯ ಗಣಕಕ್ಕೆ ಒಗ್ಗಿಸಿ, ವಿಲಿಯಂ ಮತ್ತು ಲಿನ್ ಜೋಲಿಟ್ಜ್ ದಂಪತಿಗಳು 1992ರಲ್ಲಿ 386ಬಿಎಸ್‌ಡಿಯನ್ನು ಹೊರತಂದರು. ಸಾಹಸವೇನೋ ದೊಡ್ಡದು, ಆದರೆ ದೋಷಗಳು ಬಹಳವಿದ್ದವು. ಬಳಸುವವರೇ ತಿದ್ದುಪಡಿಗಳನ್ನು ಬರೆದು, ‘ಪ್ಯಾಚ್‌ಕಿಟ್’ ಎಂಬ ಕಟ್ಟಾಗಿ ಕೂಡಿಸಿ ಹಂಚತೊಡಗಿದರು. ಮೂಲದಲ್ಲಿ ತಿದ್ದುಪಡಿಯಾಗದೆ, ತೇಪೆಯ ಮೇಲೆ ತೇಪೆ ಬಿದ್ದು, ಆ ಕಟ್ಟನ್ನು ನಿಭಾಯಿಸುವುದೇ ಕಷ್ಟವಾಯಿತು. ಆಗ ಅದನ್ನು ನೋಡಿಕೊಳ್ಳುತ್ತಿದ್ದ ನೇಟ್ ವಿಲಿಯಮ್ಸ್, ರಾಡ್ ಗ್ರೈಮ್ಸ್ ಮತ್ತು ಜೋರ್ಡನ್ ಹಬ್ಬರ್ಡ್ 1993ರಲ್ಲಿ ಬೇರೆಯೇ ವ್ಯವಸ್ಥೆಯನ್ನು ಆರಂಭಿಸಿದರು. ಡೇವಿಡ್ ಗ್ರೀನ್‌ಮನ್ ಅದಕ್ಕೆ ಫ್ರೀಬಿಎಸ್‌ಡಿ ಎಂದು ಹೆಸರಿಟ್ಟರು. ಅಂದರೆ, ಈ ವ್ಯವಸ್ಥೆ ಹುಟ್ಟಿದ್ದೇ ದುರಸ್ತಿಯ ಕಾರ್ಯದಿಂದ.

ಆದರೆ ಮೇಜಿನ ಮೇಲಿನ ನಿತ್ಯದ ಗಣಕದಲ್ಲಿ ಅದನ್ನು ಇಟ್ಟುಕೊಳ್ಳುವುದು ಸುಲಭವಾಗಿರಲಿಲ್ಲ. 1994ರಲ್ಲಿ ಹಬ್ಬರ್ಡ್ ‘ಪೋರ್ಟ್ಸ್’ ಎಂಬ ಏರ್ಪಾಡನ್ನು ಆರಂಭಿಸಿದರು. ಅದು ಅಡುಗೆಯ ವಿಧಾನವನ್ನು ಬರೆದಿಟ್ಟಂತೆ: ಮೂಲ ಸಂಕೇತವನ್ನು ತರಿಸಿ, ತಿದ್ದಿ, ಬಳಸುವವನ ಯಂತ್ರದಲ್ಲಿಯೇ ತಂತ್ರಾಂಶವನ್ನು ಸಿದ್ಧಪಡಿಸುತ್ತಿತ್ತು. ಕೆಡಿಇಯಂತಹ ದೊಡ್ಡ ಚಿತ್ರಪರದೆಯ ವ್ಯವಸ್ಥೆಯನ್ನು ಹೀಗೆ ಕಟ್ಟಲು ಅಂದಿನ ಯಂತ್ರಗಳಿಗೆ ಹಲವು ಗಂಟೆಗಳು ಬೇಕಾಗುತ್ತಿದ್ದವು. ಮುಖ್ಯವಾದ ಒಂದು ಲೈಬ್ರರಿ ಬದಲಾದರೆ ಅದನ್ನು ಆಶ್ರಯಿಸಿದ ಎಲ್ಲವನ್ನೂ ಮತ್ತೆ ಕಟ್ಟಬೇಕು. ನಡುವೆ ಎಲ್ಲಾದರೂ ತಪ್ಪಿದರೆ ಅತ್ತ ಹಳೆಯದೂ ಇಲ್ಲ, ಇತ್ತ ಹೊಸದೂ ಇಲ್ಲ.

ಈ ಕಷ್ಟವನ್ನು ಒಬ್ಬರಾದ ಮೇಲೊಬ್ಬರು ಹಗುರಗೊಳಿಸಿದರು. ಭದ್ರತೆಯ ತಿದ್ದುಪಡಿಗಳನ್ನು ಸಿದ್ಧರೂಪದಲ್ಲಿಯೇ ತಲುಪಿಸುವ ಸಾಧನವನ್ನು ಕಾಲಿನ್ ಪರ್ಸಿವಲ್ 2003ರಲ್ಲಿ ರಚಿಸಿದರು, 2007ರ 6.2 ಆವೃತ್ತಿಯಿಂದ ಅದು ಮೂಲ ವ್ಯವಸ್ಥೆಯ ಅಂಗವಾಯಿತು. ಸಾಮಾನ್ಯ ಬಳಕೆದಾರರಿಗೆಂದೇ ಕ್ರಿಸ್ ಮೂರ್ 2005ರಲ್ಲಿ ಪಿಸಿ-ಬಿಎಸ್‌ಡಿಯನ್ನು ಆರಂಭಿಸಿದರು. ಟ್ರೂಓಎಸ್ ಎಂದು ಹೆಸರು ಬದಲಿಸಿಕೊಂಡ ಅದು 2020ರಲ್ಲಿ ನಿಂತುಹೋಯಿತು. 2014ರ 10.0 ಆವೃತ್ತಿಯೊಡನೆ ‘ಪಿಕೆಜಿ’ ಬಂದು, ಸಿದ್ಧ ತಂತ್ರಾಂಶಗಳನ್ನು ಒಂದೇ ಆದೇಶದಿಂದ ನವೀಕರಿಸುವುದು ಸಾಧ್ಯವಾಯಿತು. 2018ರ 12.0 ಆವೃತ್ತಿಯಲ್ಲಿ ಸೇರಿದ ‘ಬಿಇಸಿಟಿಎಲ್’ ಎಂಬ ಸಾಧನದಿಂದ, ಜಡ್‌ಎಫ್‌ಎಸ್ ಬಳಸುವವರು ನವೀಕರಣಕ್ಕೆ ಮುನ್ನ ವ್ಯವಸ್ಥೆಯ ಸ್ಥಿತಿಯನ್ನು ಕಾದಿರಿಸಿಕೊಂಡು, ಕೆಟ್ಟರೆ ಅಲ್ಲಿಗೇ ಮರಳಬಹುದು. ಆದರೂ ಕೆಲಸ ಮುಗಿದಿಲ್ಲ. ಚಿತ್ರಪರದೆಯ ಚಾಲಕ ತಂತ್ರಾಂಶಗಳನ್ನು ಇಂದಿಗೂ ಲಿನಕ್ಸ್‌ನಿಂದ ತಂದು ಹೊಂದಿಸಿಕೊಳ್ಳಬೇಕಾಗಿದೆ.

386ಬಿಎಸ್‌ಡಿ ಹಿನ್ನೆಲೆಗೆ ಸರಿಯಿತು. ಅದಕ್ಕೆ ತೇಪೆ ಹಾಕಿದವರ ಕೆಲಸ ಮೂವತ್ತು ವರ್ಷ ದಾಟಿ ಬಾಳಿದೆ. ಇದರಿಂದ ಮೊದಲು ಕಟ್ಟಿದವರ ಹಿರಿಮೆ ಕುಂದುವುದಿಲ್ಲ. ಆದರೆ ಹೊಸದನ್ನು ಕಟ್ಟುವುದೊಂದೇ ಹೆಗ್ಗಳಿಕೆಯಲ್ಲ. ನಿಮ್ಮಲ್ಲಿ ಯಾರಾದರೂ ಇನ್ನೊಬ್ಬರು ಬರೆದದ್ದನ್ನು ದಿನವೂ ತಿದ್ದುತ್ತ, ಹೆಸರಿಲ್ಲದೆ ದುಡಿಯುತ್ತಿದ್ದರೆ, ನಿಮ್ಮ ಕೆಲಸ ಕಿರಿದೆಂದು ಭಾವಿಸಬೇಡಿ.