ಕಾಲೇಜಿನ ಸಂಘಗಳು: ಮಾತು ಕಲಿಸಿದವು, ಮತ ಕಳೆದುಕೊಂಡವು

ಹೊಸಹೊಳಲು, ಕಿಕ್ಕೇರಿ ಕಡೆಯ ಮಕ್ಕಳು ಡಿಗ್ರಿ ಓದಲು ಕೆ.ಆರ್.ಪೇಟೆ, ಮಂಡ್ಯ, ಮೈಸೂರಿಗೆ ಹೋಗುತ್ತಾರೆ. ಅಲ್ಲಿ ಪಾಠದಷ್ಟೇ ಕಲಿಸಿದ್ದು ವಿದ್ಯಾರ್ಥಿ ಸಂಘಗಳು. ಸಭೆಯಲ್ಲಿ ಎದ್ದು ಮಾತಾಡುವುದು, ಖರ್ಚಿನ ಲೆಕ್ಕ ಕೊಡುವುದು, ಸೋತರೆ ಒಪ್ಪಿಕೊಳ್ಳುವುದು, ಎಲ್ಲವೂ ಅಲ್ಲೇ.

ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರಲ್ಲಿ. ಆಗ ಪಾಠವೆಲ್ಲ ಇಂಗ್ಲಿಷಿನಲ್ಲಿ. ಅದಕ್ಕೆ ಸೇರಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್.ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘ ಕಟ್ಟಿದರು. 1920ಕ್ಕೆ ಮೊದಲೇ ಆ ಸಂಘ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ತಂದಿತು. ಮುಂದೆ ವಿಶ್ವವಿದ್ಯಾಲಯವೇ ಅದನ್ನು ವಹಿಸಿಕೊಂಡಿತು. ಇದು ಸಾಹಿತ್ಯ ಸಂಘಗಳ ಬಗೆ.

ಎರಡನೆಯದು ಹಾಸ್ಟೆಲ್. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂಥ ಸಮುದಾಯ ಸಂಸ್ಥೆಗಳು, ಮಠಗಳು ನಡೆಸಿದ ಹಾಸ್ಟೆಲ್ಲುಗಳಿಂದಲೇ ಎಷ್ಟೋ ರೈತರ ಮಕ್ಕಳು ಪಟ್ಟಣದಲ್ಲಿ ಉಳಿದು ಓದಿದರು. ಜೊತೆಗೆ, ಜಾತಿಗೊಂದು ಹಾಸ್ಟೆಲ್ ಎಂಬುದೂ ಬೆಳೆಯಿತು.

ಮೂರನೆಯದು ಚಳವಳಿ. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ಜನರ ಸರ್ಕಾರ ಬಂದಿರಲಿಲ್ಲ. ವಿದ್ಯಾರ್ಥಿಗಳು ‘ಮೈಸೂರು ಚಲೋ’ಗೆ ಇಳಿದರು. ಸೆಪ್ಟೆಂಬರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಮೈಸೂರಿನ ರಾಮಸ್ವಾಮಿ ವೃತ್ತ ಅವನ ಹೆಸರಿನದು. 1973ರಲ್ಲಿ ಸಚಿವ ಬಿ.ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದಾಗ ಕಾಲೇಜುಗಳಲ್ಲಿ ಗಲಾಟೆ ಎದ್ದಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು, ಸಚಿವರು ಸ್ಥಾನ ಬಿಟ್ಟರು. ಆ ನೋವಿನಿಂದ ಒಂದಾದ ಯುವಕರು ದಲಿತ ಸಂಘರ್ಷ ಸಮಿತಿ ಕಟ್ಟಲು ನಿಂತರು.

ನಾಲ್ಕನೆಯದು ನಮ್ಮೂರಿಗೇ ಬರುವ ಎನ್ಎಸ್ಎಸ್. ಗಾಂಧೀಜಿ ಜನ್ಮ ಶತಮಾನೋತ್ಸವದ ವರ್ಷ, 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾಯಿತು. ಸೇರಿದವರು ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, ಹಳ್ಳಿಯಲ್ಲಿ ಏಳು ದಿನದ ಶಿಬಿರವೂ ಉಂಟು.

ಉಳಿದದ್ದು ಮತ ಹಾಕಿ ಆರಿಸುವ ವಿದ್ಯಾರ್ಥಿ ಸಂಘ. ಅಲ್ಲಿ ದುಡ್ಡು, ಜಾತಿ, ಪಕ್ಷ ನುಗ್ಗಿ ಹೊಡೆದಾಟಗಳಾದವು. 1989-90ರಲ್ಲಿ ಕರ್ನಾಟಕ ಸರ್ಕಾರ ಕಾಲೇಜು ಚುನಾವಣೆಯನ್ನೇ ನಿಲ್ಲಿಸಿತು. ಮಕ್ಕಳನ್ನು ಓದಲು ಕಳಿಸಿದ ತಂದೆತಾಯಿಗೆ ಅದು ನೆಮ್ಮದಿ ತಂದಿರಬಹುದು.

ಆದರೆ ರೋಗಕ್ಕೆ ಬೇರೆ ಮದ್ದೂ ಇತ್ತು. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ.ಲಿಂಗ್ಡೋ ಅವರ ಸಮಿತಿ 2006ರಲ್ಲಿ ನಿಯಮ ಹೇಳಿತು: ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಪಕ್ಷದ ಹಣ ಬೇಡ, ಹಾಜರಿ ಶೇ. 75 ಇರಬೇಕು. ಸುಪ್ರೀಂ ಕೋರ್ಟ್ ಇದನ್ನು ಜಾರಿಗೆ ತರಲು ಹೇಳಿತು.

ದುಡ್ಡಿರುವವರ ಮಕ್ಕಳಿಗೆ ರಾಜಕೀಯ ಮನೆಯಲ್ಲೇ ಸಿಗುತ್ತದೆ. ಕೂಲಿ ಮಾಡುವವರ ಮಗಳಿಗೆ ಕಾಲೇಜೇ ಮೊದಲ ವೇದಿಕೆ. 18ಕ್ಕೆ ಅವಳು ಎಂಎಲ್ಎ ಆರಿಸಬಹುದು, 21ಕ್ಕೆ ಗ್ರಾಮ ಪಂಚಾಯಿತಿಗೆ ನಿಲ್ಲಬಹುದು. ಮುಂದಿನ ಸಲ ಎನ್ಎಸ್ಎಸ್ ಶಿಬಿರ ಊರಿಗೆ ಬಂದಾಗ ಆ ಮಕ್ಕಳನ್ನು ಕೇಳಿ ನೋಡಿ: ನಿಮ್ಮ ಕಾಲೇಜಿನ ಪ್ರತಿನಿಧಿಯನ್ನು ಆರಿಸಿದವರು ಯಾರು?